ಅಮ್ಮನ ಮಾತ್ರೆಗಳನ್ನು ಒಮ್ಮೆ ಪೂರ್ತಿ ಹರಡಿ ನೋಡಿ

ಅಮ್ಮನಿಗೆ 74 ವರ್ಷ, ಬಿಪಿ, ಶುಗರ್ ಎರಡೂ ಇದೆ, ಈಚೆಗೆ ಬಾತ್‌ರೂಮ್ ಮುಟ್ಟುವ ಮೊದಲೇ ಬಟ್ಟೆ ಒದ್ದೆಯಾಗುತ್ತಿದೆ, ಎಲ್ಲರೂ ವಯಸ್ಸಾಯ್ತು ಅಂತಾರೆ, ಮಾತ್ರೆಗಳಿಂದಲೂ ಹೀಗಾಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ನಮ್ಮ ಮನೆಯಲ್ಲೇ ಆಗಿತ್ತು.

ನಾನು ಡಾಕ್ಟರ್ ಅಲ್ಲ, ಸೊಸೆ. ಸಕಲೇಶಪುರದ ಹತ್ತಿರ ನಮ್ಮ ಮನೆ. ಅತ್ತೆಗೆ ಆಗ 76. ಒಂದು ಬೆಳಿಗ್ಗೆ ಬಚ್ಚಲ ಒಲೆಗೆ ಸೌದೆ ಎಳೆಯುವಾಗ ಹಿಂದುಗಡೆ ಮುದುರಿ ಇಟ್ಟ ಒದ್ದೆ ಲಂಗ ಸಿಕ್ಕಿತು. ಒಂದಲ್ಲ, ಮೂರು. ಜೋರು ಮಳೆಗಾಲ, ಹೊರಗೆ ಹಾಕಿದರೆ ಒಣಗುವುದಿಲ್ಲ, ಒಳಗೆ ಹಾಕಿದರೆ ನಾವು ನೋಡುತ್ತೇವೆ ಅಂತ ಬಚ್ಚಿಟ್ಟಿದ್ದರು. ಹಾಸನದಲ್ಲಿ ಹತ್ತಿರದವರ ಮದುವೆಗೆ ಹೊರಟಾಗ "ನಂಗೆ ಸೊಂಟ ನೋವು ಮಗ, ನೀವ್ ಹೋಗ್ಬನ್ನಿ" ಅಂದಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೂ ಬಿಟ್ಟಿದ್ದರು ಪಾಪ.

ಅವತ್ತು ಅವರ ಡಬ್ಬಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಜಗಲಿಯ ಮೇಲೆ ಹರಡಿದೆ. ಬಿಪಿಗೆ ಆಮ್ಲೋಡಿಪಿನ್ ಇತ್ತು. ಅದು ಕೆಲವರಿಗೆ ಕಾಲು ಊದಿಸುತ್ತದೆ. ಅತ್ತೆಗೂ ಸಂಜೆ ಹೊತ್ತಿಗೆ ಪಾದ ದಪ್ಪಗಾಗಿ ಚಪ್ಪಲಿ ಪಟ್ಟಿಯ ಗುರುತು ಬೀಳುತ್ತಿತ್ತು. ಆ ಊತಕ್ಕೆ ಬೇರೆ ಡಾಕ್ಟರ್ ನೀರಿನ ಮಾತ್ರೆ, ಅಂದರೆ ಫ್ಯೂರೋಸಮೈಡ್ ಕೊಟ್ಟಿದ್ದರು. ಅದು ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಸುಮಾರು 6 ಗಂಟೆ ಮೂತ್ರ ಹೊರಡಿಸುತ್ತದೆ. ದಿನಕ್ಕೆ ಎರಡು ಅಂತಿದ್ದ ಚೀಟಿ ನೋಡಿ ಅತ್ತೆ ಎರಡನೆಯದನ್ನು ರಾತ್ರಿ ಊಟದ ಮೇಲೆ ತಗೊಳ್ಳುತ್ತಿದ್ದರು. ಇದರ ಜೊತೆಗೆ, ಹಗಲು ಕಾಲಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ವಾಪಸ್ ಸೇರಿ ಅದೂ ಮೂತ್ರವಾಗುತ್ತದೆ. ನಮ್ಮ ಕಕ್ಕಸು ಇರುವುದು ಹಿತ್ತಿಲಲ್ಲಿ. ಕತ್ತಲಲ್ಲಿ, ಮಳೆಯಲ್ಲಿ, ಮಂಡಿ ನೋವಿನ ಕಾಲಲ್ಲಿ ಎಷ್ಟು ಸಲ ಓಡುತ್ತಾರೆ ಹೇಳಿ?

ಒಂದು ಮಾತ್ರೆಯಿಂದಾದ ತೊಂದರೆಗೆ ಇನ್ನೊಂದು ಮಾತ್ರೆ, ಅದರ ತೊಂದರೆಗೆ ಡೈಪರ್. ನಾನಂತೂ ಡೈಪರ್ ತರಲು ಹೊರಟೇಬಿಟ್ಟಿದ್ದೆ.

ಎಲ್ಲ ಮಾತ್ರೆ ಚೀಲದಲ್ಲಿ ಹಾಕಿಕೊಂಡು ಹಾಸನದಲ್ಲಿ ಒಬ್ಬರು ಫಿಸಿಶಿಯನ್‌ಗೆ ತೋರಿಸಿದೆವು. ಹೃದಯ, ಕಿಡ್ನಿ ಸರಿ ಇದೆಯಾ ಅಂತ ಪರೀಕ್ಷೆ ಮಾಡಿಸಿ, ಆಮೇಲೆ ಬಿಪಿ ಮಾತ್ರೆ ಬದಲಿಸಿದರು. ಊತ ಇಳಿದ ಮೇಲೆ ನೀರಿನ ಮಾತ್ರೆ ನಿಲ್ಲಿಸಿದರು. ಪೂರ್ತಿ ವಾಸಿಯಾಯ್ತು ಅನ್ನಲಾರೆ, ಕೆಮ್ಮಿದಾಗ ಈಗಲೂ ಸ್ವಲ್ಪ ಹೋಗುತ್ತದೆ. ಆದರೆ ರಾತ್ರಿ ಹಾಸಿಗೆ ಒಣಗಿರುತ್ತದೆ.

ದಯವಿಟ್ಟು ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ. ಹೃದಯದ ತೊಂದರೆಗೆ ನೀರಿನ ಮಾತ್ರೆ ತಗೊಳ್ಳುವವರು ಅದನ್ನು ಬಿಟ್ಟರೆ ಉಸಿರಾಡಲಾಗದ ಸ್ಥಿತಿ ಬರಬಹುದು.

ನಿಮ್ಮ ಅಮ್ಮನಿಗೆ ಶುಗರ್ ಇದೆ ಅಂದಿರಲ್ಲ, ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದೆಯಾ ನೋಡಿ. ಅವು ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುತ್ತವೆ. ಹಾಗಾಗಿ ಮೂತ್ರ ಜಾಸ್ತಿ, ಕೆಲವರಿಗೆ ಕೆಳಗೆ ತುರಿಕೆಯೂ ಬರುತ್ತದೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೂ ಹೀಗೇ. ಬಿಪಿಗೆ ಪ್ರಾಜೋಸಿನ್ ಇದ್ದರೆ ಅದು ಮೂತ್ರ ತಡೆದು ಹಿಡಿಯುವ ಸ್ನಾಯುವನ್ನು ಸಡಿಲ ಮಾಡುತ್ತದೆ, ಹೆಂಗಸರಿಗೆ ಇದು ಜಾಸ್ತಿ ಕಾಡುತ್ತದೆ. ಬಿಪಿಗೇ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತವೆ, ಕೆಮ್ಮಿದಾಗಲೆಲ್ಲ ಸೋರುತ್ತದೆ. ಆಲ್ಪ್ರಜೋಲಾಮ್ ಥರದ ನಿದ್ದೆ ಮಾತ್ರೆ ಇದ್ದರೆ ಮೂತ್ರ ಬಂದರೂ ಬೇಗ ಎಚ್ಚರವಾಗುವುದಿಲ್ಲ.

ಶೀತದ ಮಾತ್ರೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಅದನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನಮ್ಮ ಪಕ್ಕದ ತೋಟದ ಅಜ್ಜನಿಗೆ ಪ್ರಾಸ್ಟೇಟ್, ಅಂದರೆ ಗಂಡಸರಿಗೆ ಮೂತ್ರಚೀಲದ ಕೆಳಗಿರುವ ಗ್ರಂಥಿ, ದೊಡ್ಡದಾಗಿತ್ತು. ಮಳೆಗಾಲದ ನೆಗಡಿಗೆ ಅಂಗಡಿಯಿಂದ ಮಾತ್ರೆ ತಂದು ಮೂರು ದಿನ ನುಂಗಿದರು. ಹನಿ ಹನಿ ಸೋರುತ್ತಲೇ ಇತ್ತು, ಹೊಟ್ಟೆ ಮಾತ್ರ ಕಲ್ಲಿನಂತೆ. ಕೊನೆಗೆ ಆಸ್ಪತ್ರೆಯಲ್ಲಿ ನಳಿಗೆ ಹಾಕಿ ಮೂತ್ರ ತೆಗೆದರು. ಆ ಶೀತದ ಮಾತ್ರೆಯಲ್ಲಿದ್ದ ಕ್ಲೋರ್ಫೆನಿರಮಿನ್ ಅನ್ನುವ ಔಷಧಿ ಮೂತ್ರಚೀಲ ಹಿಂಡಿ ಖಾಲಿಯಾಗಲು ಬಿಡುವುದಿಲ್ಲ, ತುಂಬಿ ಹೊರಚೆಲ್ಲುತ್ತದೆ. ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಹೀಗೆ ಮಾಡಬಹುದು.

ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ. ಯಾವ ಮಾತ್ರೆ ಎಷ್ಟು ಗಂಟೆಗೆ, ಒದ್ದೆಯಾಗಿದ್ದು ಎಷ್ಟು ಗಂಟೆಗೆ, ಕಾಫಿ ಎಷ್ಟು ಲೋಟ. ಕಾಫಿಯೂ ಮೂತ್ರದ ಅವಸರ ಹೆಚ್ಚಿಸುತ್ತದೆ. ನಮ್ಮ ಅತ್ತೆ ಬೆಲ್ಲದ ಕಾಫಿ ಬಿಡಲಿಲ್ಲ, ಆದರೆ ಸಂಜೆ ಐದರ ಮೇಲೆ ಬೇಡ ಅಂತ ಒಪ್ಪಿಕೊಂಡರು. ನೀರು ಮಾತ್ರ ಕಡಿಮೆ ಮಾಡಿಸಬೇಡಿ. ಮಲಬದ್ಧತೆಯಾಗಿ, ಉರಿಮೂತ್ರವಾಗಿ ಇನ್ನೂ ಕೆಡುತ್ತದೆ. ಜ್ವರ, ಉರಿ, ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು, ಕಾಲಲ್ಲಿ ಬಲ ಹೋಗುವುದು, ಇದರಲ್ಲಿ ಯಾವುದು ಕಂಡರೂ ಮೂರು ದಿನ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.

ಅಮ್ಮನನ್ನು ಕೇಳುವಾಗ ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಕೇಳಿ. ನಾನು ಎಲ್ಲರ ಮುಂದೆ ಕೇಳಿಬಿಟ್ಟಿದ್ದೆ. ಅತ್ತೆ ಎರಡು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ.