ಟ್ಯಾಲಿಸ್ಮನ್ ಸೇಬರ್: ಪರಿಸರ ವರದಿಯಿಂದ ಪ್ರಯೋಜನವಿದೆಯೇ?

ಆಸ್ಟ್ರೇಲಿಯಾ ಮತ್ತು ಅಮೆರಿಕ ಜಂಟಿಯಾಗಿ ನಡೆಸುವ ಟ್ಯಾಲಿಸ್ಮನ್ ಸೇಬರ್ ಸಮರಾಭ್ಯಾಸಕ್ಕೆ ಮುನ್ನ ಸಿದ್ಧಪಡಿಸುವ ಪರಿಸರ ವರದಿಯಿಂದ ನಿಜವಾದ ಪ್ರಯೋಜನವಿದೆಯೇ ಎಂದು ತಾವು ಕೇಳಿದ್ದೀರಿ. ಇದೆ; ಆದರೆ ಯೋಜನೆ ಕೈತಪ್ಪುವ ಸಂದರ್ಭವನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿರಬೇಕು. 2013ರ ಜುಲೈನಲ್ಲಿ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಟೌನ್‌ಶೆಂಡ್ ದ್ವೀಪದ ಗುರಿಪ್ರದೇಶ ನಾಗರಿಕ ದೋಣಿಗಳಿಂದ ತೆರವಾಗಿರದ ಕಾರಣ, ಇಂಧನ ಕಡಿಮೆಯಾಗುತ್ತಿದ್ದ ಎರಡು ಅಮೆರಿಕನ್ ಹ್ಯಾರಿಯರ್ ವಿಮಾನಗಳು ನಾಲ್ಕು ಬಾಂಬುಗಳನ್ನು ಗ್ರೇಟ್ ಬ್ಯಾರಿಯರ್ ರೀಫ್ ಸಾಗರ ಉದ್ಯಾನದೊಳಗೇ ಬೀಳಿಸಿದವು. ಅವು ಸ್ಫೋಟಿಸಲಿಲ್ಲ, ಹವಳದ ದಿಬ್ಬಗಳಿಂದ ದೂರದ ಆಳನೀರಿಗೇ ಬಿದ್ದವು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದ್ದರಿಂದ ದೋಣಿಯವರಿಗೆ ಮುನ್ಸೂಚನೆ ತಲುಪುವ ಬಗೆ, ಗುರಿಪ್ರದೇಶ ತೆರವಾಗದಿದ್ದರೆ ವಿಮಾನಗಳು ಅನುಸರಿಸಬೇಕಾದ ಪರ್ಯಾಯ ಕ್ರಮ, ಇವೆರಡನ್ನೇ ನಾನು ವರದಿಯಲ್ಲಿ ಮೊದಲು ಹುಡುಕುತ್ತೇನೆ.