ಹತ್ತನೇ ಪ್ರದರ್ಶನದ ಲೆಕ್ಕ ಮೊದಲು ಹಾಕಿ

ಕುಮಟಾದಲ್ಲಿ ಆರು ಜನ ಸ್ನೇಹಿತರು ಸೇರಿ ಸಣ್ಣ ನಾಟಕ ತಂಡ ಕಟ್ಟಬೇಕು ಅಂತಿದ್ದೀರಿ. ಮೊದಲ ನಾಟಕಕ್ಕೆ ಎಷ್ಟು ದುಡ್ಡು ಬೇಕು, ಏನೇನು ತಯಾರಿ ಬೇಕು ಅಂತ ಕೇಳಿದ್ದೀರಿ. ನಾನು ಶಿರಸಿ ಹತ್ತಿರದ ಹಳ್ಳಿಯವಳು. ಹದಿನಾಲ್ಕು ವರ್ಷದಿಂದ ಹನ್ನೊಂದು ಜನರ ಒಂದು ತಂಡ ನಡೆಸುತ್ತಿದ್ದೇನೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲ ಪ್ರದರ್ಶನಕ್ಕೆ ಎಷ್ಟು ಬೇಕು ಅನ್ನುವುದನ್ನು ಸದ್ಯ ಬಿಡಿ. ಹತ್ತನೇ ಪ್ರದರ್ಶನಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಮೊದಲು ಬರೆದುಕೊಳ್ಳಿ. ನಾವು ಎಡವಿದ್ದು ಅಲ್ಲೇ. ನಮ್ಮ ಮೊದಲ ನಾಟಕಕ್ಕೆ ಮರದ ದೊಡ್ಡ ಅರಮನೆ ಕಟ್ಟಿಸಿದ್ದೆವು. ಹದಿನಾರು ಜನ ನಟರು. ಶಿರಸಿಯಲ್ಲಿ ಮೊದಲ ದಿನ ಸಭಾಂಗಣ ತುಂಬಿತ್ತು, ನೆಂಟರು, ಸ್ನೇಹಿತರು ಎಲ್ಲ ಬಂದಿದ್ದರು. ಆಮೇಲೆ ಕರಾವಳಿಯಿಂದ ಎರಡು ಕಡೆ ಕರೆದರು. ಅರಮನೆ ಸಾಗಿಸಲು ಲಾರಿ ಬೇಕು, ಜನಕ್ಕೆ ಬೇರೆ ಬಸ್ಸು ಬೇಕು. ಅವರು ಕೊಟ್ಟ ಸಂಭಾವನೆ ಬಾಡಿಗೆಗೇ ಸಾಲಲಿಲ್ಲ. ಕರೆದಷ್ಟೂ ನಷ್ಟ. ಮೂರೇ ಪ್ರದರ್ಶನಕ್ಕೆ ನಾಟಕ ನಿಂತುಹೋಯಿತು. ಎರಡು ತಿಂಗಳು ಬೆವರು ಸುರಿಸಿದ ಹುಡುಗರ ಮುಖ ನೋಡಲು ಆಗುತ್ತಿರಲಿಲ್ಲ.

ಈಗ ನಮ್ಮ ಲೆಕ್ಕ ಹೀಗಿದೆ. ನಾಟಕ ಕಟ್ಟಲು ಒಂದು ಸಲಕ್ಕೆ ಸುಮಾರು 60,000 ರೂಪಾಯಿ. ಬಟ್ಟೆ, ಬಿದಿರು, ಸಂಗೀತ, ತಾಲೀಮಿನ ಚಹಾ-ತಿಂಡಿ, ನಾಟಕಕಾರರ ಗೌರವಧನ ಎಲ್ಲ ಇದರಲ್ಲೇ. ಇನ್ನು ಪ್ರತಿ ಪ್ರದರ್ಶನಕ್ಕೆ ವಾಹನ 7,000, ಊಟ 3,000, ಹನ್ನೊಂದು ಜನಕ್ಕೆ ತಲಾ 500ರಂತೆ 5,500, ಚಿಲ್ಲರೆ ಖರ್ಚು 2,500. ಅಂದರೆ 18,000. ಹತ್ತು ಪ್ರದರ್ಶನ ಆದರೆ ಕಟ್ಟಿದ ಖರ್ಚು ಒಂದೊಂದಕ್ಕೆ 6,000 ಬೀಳುತ್ತದೆ. ಒಟ್ಟು 24,000. ಮೂರೇ ಆದರೆ 38,000. ಇಪ್ಪತ್ನಾಲ್ಕು, ಇಪ್ಪತ್ತೈದು ಸಾವಿರ ಕೊಡುವ ಊರುಗಳು ನಮ್ಮ ಜಿಲ್ಲೆಯಲ್ಲಿ ಸಿಗುತ್ತವೆ. ಮೂವತ್ತೆಂಟು ಕೊಡುವವರು ನನಗಂತೂ ಸಿಕ್ಕಿಲ್ಲ.

ಹಾಗಾಗಿ ನಮ್ಮಲ್ಲಿ ಈಗ ಒಂದೇ ನಿಯಮ. ಸೆಟ್, ಬಟ್ಟೆ, ಲೈಟು ಎಲ್ಲ ಒಂದು ಟೆಂಪೋ ಟ್ರಾವೆಲರ್‌ನ ತಲೆ ಮೇಲೆ ಮತ್ತು ಹಿಂದಿನ ಸೀಟಿನಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ಅದು ನಾಟಕಕ್ಕೆ ಬೇಡ. ಬಿದಿರಿನ ಎರಡು ಏಣಿ, ನಾಲ್ಕು ಸ್ಟೂಲು, ಒಂದು ಉದ್ದದ ಬಟ್ಟೆ. ಇಷ್ಟರಲ್ಲೇ ಕೋಟೆ, ದೋಣಿ, ಅಡುಗೆಮನೆ ಎಲ್ಲ ಮಾಡಿದ್ದೇವೆ. ನಮ್ಮ ಜನಕ್ಕೆ ಇದು ಕಷ್ಟ ಅನ್ನಿಸುವುದಿಲ್ಲ. ಯಕ್ಷಗಾನದ ಆಟ ನೋಡಿ ಬೆಳೆದವರು ಅಲ್ವಾ? ಯಕ್ಷಗಾನದಲ್ಲಿ ವೇಷಧಾರಿ ಒಂದು ಸುತ್ತು ಹಾಕಿದರೆ ಕಾಡು ದಾಟಿದ ಹಾಗೆ. ಹೊನ್ನಾವರದ ಗುಣವಂತೆಯ ಕೆರೆಮನೆ ಮೇಳ 1934ರಲ್ಲಿ ಶುರುವಾಗಿದ್ದು. ಪೆಟ್ಟಿಗೆ ಹೊತ್ತು ಊರೂರು ತಿರುಗುವ ವಿದ್ಯೆ ನಿಮ್ಮ ಪಕ್ಕದಲ್ಲೇ ಇದೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನವರು 1985ರಿಂದ ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’ ನಡೆಸುತ್ತಿದ್ದಾರೆ. ಅದು ನಿಮ್ಮ ಕಡೆ ಬಂದಾಗ ಬೆಳಿಗ್ಗೆಯೇ ಹೋಗಿ ಕುಳಿತುಕೊಳ್ಳಿ. ಸೆಟ್ ಹೇಗೆ ಕಟ್ಟುತ್ತಾರೆ, ನಾಟಕ ಮುಗಿದ ಮೇಲೆ ಹೇಗೆ ಬಿಚ್ಚುತ್ತಾರೆ ನೋಡಿ. ನಾನು ಅಲ್ಲಿ ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ.

ಲೈಟಿನ ವಿಷಯ ಹೇಳಲೇಬೇಕು. ಒಮ್ಮೆ ಕರಾವಳಿಯ ಒಂದು ಶಾಲೆಯ ವೇದಿಕೆಯಲ್ಲಿ 1,000 ವ್ಯಾಟಿನ ಎಂಟು ಹ್ಯಾಲೋಜನ್ ಲೈಟು ಕಟ್ಟಿದ್ದೆವು. ಎಂಟು ಸಾವಿರ ವ್ಯಾಟ್ ಅಂದರೆ 230 ವೋಲ್ಟಿಗೆ ಹತ್ತಿರ ಹತ್ತಿರ 35 ಆಂಪಿಯರ್. ಗೋಡೆಯ 15 ಆಂಪಿಯರ್ ಪ್ಲಗ್ಗು ಮೂರು ಲೈಟಿಗಿಂತ ಜಾಸ್ತಿ ತಡೆಯುವುದಿಲ್ಲ. ಎರಡನೇ ದೃಶ್ಯದಲ್ಲಿ ಇಡೀ ಶಾಲೆ ಕತ್ತಲಾಯಿತು. ಸರಿಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಮಕ್ಕಳನ್ನು ಕರೆತಂದಿದ್ದ ತಾಯಂದಿರೆಲ್ಲ ಎದ್ದು ಹೋಗಿದ್ದರು. ತಪ್ಪು ನನ್ನದು, ಮೊದಲೇ ಹೋಗಿ ವೈರಿಂಗ್ ನೋಡಬೇಕಿತ್ತು. ಆಮೇಲೆ ದುಡ್ಡು ಕೂಡಿಸಿ ವೇದಿಕೆಗೆ ಬಳಸುವ ಎಲ್‌ಇಡಿ ಪಾರ್ ಲೈಟು ಕೊಂಡೆವು. ಹಳೇ ಒಂದು ಹ್ಯಾಲೋಜನ್ ತಿನ್ನುವ ಕರೆಂಟಿನಲ್ಲಿ ಇವು ನಾಲ್ಕೈದು ಉರಿಯುತ್ತವೆ. ಮುಂದೆ ಏನಾದರೂ ಕೊಳ್ಳುವುದಾದರೆ ಮೊದಲು ಇವನ್ನೇ ಕೊಳ್ಳಿ.

ತಾಲೀಮು ಯಾವಾಗ ಮಾಡುವುದು? ನಮ್ಮ ಕಡೆ ಇದನ್ನು ತೋಟ ಮತ್ತು ಸಮುದ್ರ ಹೇಳುತ್ತವೆ. ಘಟ್ಟದ ಮೇಲಿನ ಹುಡುಗರು ನವೆಂಬರ್ ಬಂದರೆ ಅಡಿಕೆ ಕೊನೆ ಕೊಯ್ಲಿಗೆ ಹೋಗುತ್ತಾರೆ. ರಾತ್ರಿ ಅಡಿಕೆ ಸುಲಿಯಲು ಮನೆಮಂದಿಯೆಲ್ಲ ಬೇಕು. ಆಗ ತಾಲೀಮಿಗೆ ಬಾ ಅಂತ ಕರೆಯುವುದು ತಪ್ಪು. ನಿಮ್ಮ ಕಡೆ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ದೋಣಿಗೆ ಹೋಗುವ ಹುಡುಗರು ಆಗ ಮನೆಯಲ್ಲಿರುತ್ತಾರೆ. ನಮ್ಮವರೂ ತೋಟಕ್ಕೆ ಮದ್ದು ಹೊಡೆಯುವ ನಾಲ್ಕು ದಿನ ಬಿಟ್ಟರೆ ಆಗ ಬಿಡುವಾಗಿಯೇ ಇರುತ್ತಾರೆ. ಅದಕ್ಕೇ ಮಳೆಗಾಲದಲ್ಲಿ ನಾಟಕ ಕಟ್ಟಿ, ಬೇಸಿಗೆಯಲ್ಲಿ ತಿರುಗಿ. ಮಳೆಯಲ್ಲಿ ಪರದೆ, ಬಟ್ಟೆಗೆಲ್ಲ ಬೂಷ್ಟು ಹಿಡಿಯುತ್ತದೆ. ನಾವು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಹೊಗೆ ವಾಸನೆ ಬರುತ್ತದೆ, ಆದರೆ ಬಟ್ಟೆ ಉಳಿಯುತ್ತದೆ.

ಪ್ರದರ್ಶನದ ದಿನ ಇಡುವಾಗ ಪಕ್ಕದ ಊರಲ್ಲಿ ಆಟ ಇದೆಯಾ ಅಂತ ವಿಚಾರಿಸಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಶಿರಸಿಗೆ ಬರಬೇಡಿ. ಆಗ ಕಂಪನಿ ನಾಟಕದವರು ಬಂದಿರುತ್ತಾರೆ, ಜನ ಜಾತ್ರೆ ಪೇಟೆಯಲ್ಲೇ ಇರುತ್ತಾರೆ. ಬಯಲಿನಲ್ಲಾದರೆ ರಾತ್ರಿ ಹತ್ತರ ನಂತರ ಮೈಕ್ ಹಾಕುವಂತಿಲ್ಲ. ಏಳಕ್ಕೆ ಅಂದರೆ ಏಳಕ್ಕೇ ಶುರು ಮಾಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ತಂಡದಲ್ಲಿ ಹೆಣ್ಣುಮಕ್ಕಳು ಇರಬೇಕು ಅಂತಿದ್ದರೆ, ತಾಲೀಮು ಮುಗಿದ ಮೇಲೆ ಅವರನ್ನು ಮನೆ ಬಾಗಿಲಿಗೆ ಬಿಟ್ಟು ಬರುವ ವ್ಯವಸ್ಥೆ ಮೊದಲ ದಿನದಿಂದಲೇ ಇರಲಿ. ಕೊನೇ ಬಸ್ಸು ಎಂಟಕ್ಕೋ ಎಂಟೂವರೆಗೋ ಹೋಗಿಬಿಡುತ್ತದೆ. ನನ್ನ ಮೊದಲ ವರ್ಷಗಳಲ್ಲಿ ಒಬ್ಬಳು ತುಂಬಾ ಒಳ್ಳೆಯ ನಟಿ ಇದ್ದಳು. ದಿನಾ ಯಾರದೋ ಬೈಕ್ ಕಾಯುತ್ತ ನಿಲ್ಲಬೇಕಾಗಿ ಬಂತು, ಅದಕ್ಕೇ ತಂಡ ಬಿಟ್ಟಳು. ಅವಳ ಮನೆಯವರು ಬೇಡ ಅಂದದ್ದಲ್ಲ, ನಾವು ಜವಾಬ್ದಾರಿ ತೆಗೆದುಕೊಳ್ಳಲಿಲ್ಲ. ಈಗ ಪೆಟ್ರೋಲ್ ಖರ್ಚನ್ನು ನಾಟಕದ ಖರ್ಚಿನಲ್ಲೇ ಬರೆಯುತ್ತೇವೆ.

ಯಾವ ನಾಟಕ ತೆಗೆದುಕೊಂಡರೂ ಅನುಮತಿ ಪತ್ರ ಕೈಯಲ್ಲಿಟ್ಟುಕೊಳ್ಳಿ. ನಾಟಕಕಾರರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ಮನೆಯವರದ್ದು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರ ನಾಟಕಗಳನ್ನು ಯಾರು ಬೇಕಾದರೂ ಆಡಬಹುದು. ರವೀಂದ್ರನಾಥ ಟಾಗೋರರು 1941ರಲ್ಲಿ ತೀರಿಕೊಂಡರು. ಅವರ ಅಣ್ಣ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಟಾಗೋರರು ಅಲ್ಲಿಗೆ ಬಂದು ಉಳಿದಿದ್ದರು, ಅಲ್ಲೇ ಒಂದು ನಾಟಕ ಬರೆದರು. ನಮ್ಮ ಕಡಲ ದಂಡೆಯಲ್ಲಿ ಹುಟ್ಟಿದ ನಾಟಕ ಅಂತ ಅದನ್ನು ಆಡುವ ಆಸೆ ನಿಮಗೆ ಬಂದರೆ ನನಗೆ ಖುಷಿಯೇ. ಆದರೆ ಮೂಲಕ್ಕೆ ಹಕ್ಕಿನ ತೊಡಕು ಇಲ್ಲದಿದ್ದರೂ ಕನ್ನಡ ಅನುವಾದಕ್ಕೆ ಇರಬಹುದು. ಅನುವಾದಕರನ್ನು ಕೇಳಿ.

ಟಿಕೆಟ್ ಇಡಿ. ಐವತ್ತೇ ರೂಪಾಯಿ ಆಗಲಿ, ಇಡಿ. ಡೇರೆ ಹಾಕಿ ಆಡುವ ಯಕ್ಷಗಾನ ಮೇಳಗಳ ಆಟಕ್ಕೆ ದುಡ್ಡು ಕೊಟ್ಟು ಹೋಗುತ್ತಿದ್ದ ಜನ ನಮ್ಮವರು. ಪಾಸ್ ಹಂಚಿದ ದಿನ ನಮ್ಮಲ್ಲಿ ಅರ್ಧ ಕುರ್ಚಿ ಖಾಲಿ ಇದ್ದವು, ಟಿಕೆಟ್ ಕೊಂಡವರು ಮಳೆ ಬಂದರೂ ಬಂದರು. ಸರ್ಕಾರದ ಅನುದಾನಕ್ಕೆ ಸಂಘ ನೋಂದಣಿ ಬೇಕು, ವರ್ಷ ವರ್ಷ ಲೆಕ್ಕಪತ್ರ ಬೇಕು. ನೋಂದಣಿ ಮಾಡಿಸಿ, ಆದರೆ ಆ ದುಡ್ಡು ನಂಬಿ ನಾಟಕದ ದಿನ ಗೊತ್ತು ಮಾಡಬೇಡಿ. ಅದು ಬಂದಾಗ ಮುಂದಿನ ನಾಟಕಕ್ಕೆ ಇಟ್ಟುಕೊಳ್ಳಿ.

ನಿಮ್ಮ ಮೊದಲ ನಾಟಕಕ್ಕೆ ಲೈಟು ಕೊಳ್ಳಲು ಹೋಗಬೇಡಿ. ನಮ್ಮಲ್ಲಿ ಎಂಟು ಇವೆ, ಮಳೆಗಾಲದಲ್ಲಿ ಸುಮ್ನೆ ಬಿದ್ದಿರುತ್ತವೆ. ದೇವಿಮನೆ ಘಟ್ಟ ಹತ್ತಿ ಬಂದು ಒಯ್ಯಿರಿ. ಬಾಡಿಗೆ ಬೇಡ, ಒಣಗಿಸಿ ವಾಪಸ್ ತಂದುಕೊಟ್ಟರೆ ಸಾಕು.