‘ಏನಾದ್ರೂ ಬೇಕಿದ್ರೆ ಹೇಳು’ ಅನ್ನುವ ಮುನ್ನ

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗೆಳತಿಗೆ ಮೂರು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಕೆಲಸ ಬಿಟ್ಟಿದ್ದಾಳೆ, ಉಳಿತಾಯ ಕರಗಿದೆ. ‘ಏನಾದ್ರೂ ಬೇಕಿದ್ರೆ ಹೇಳು’ ಅಂದಾಗಲೆಲ್ಲ ‘ಏನೂ ಬೇಡ’ ಅನ್ನುತ್ತಾಳೆ. ಹಣ ಕೊಟ್ಟರೆ ನೊಂದುಕೊಳ್ಳುತ್ತಾಳೇನೋ ಎಂಬ ಅಳುಕು. ಹೇಗೆ ನೆರವಾಗಲಿ?

ಉತ್ತರ: ಆ ಮಾತು ಕೇಳಲು ಚೆಂದ. ಆದರೆ ಏನು ಬೇಕೆಂದು ಯೋಚಿಸುವುದು, ಎಷ್ಟು ಕೇಳಿದರೆ ಹೆಚ್ಚಾದೀತು ಎಂದು ಅಳೆಯುವುದು, ಕೊನೆಗೆ ಬಾಯಿಬಿಟ್ಟು ಕೇಳುವುದು ಎಲ್ಲವೂ ಆಕೆಯ ತಲೆಗೇ ಬರುತ್ತವೆ. ‘ಬೇಡ’ ಅನ್ನುವುದು ಅದಕ್ಕಿಂತ ಸುಲಭ. ಹೀಗೆ ಕೇಳಿ ನೋಡಿ: ‘ಬೆಳಿಗ್ಗೆ ಎಂಟಕ್ಕೆ ಬಂದು ಬಟ್ಟೆ ಒಗೆದು ಹರವಿ ಹೋಗ್ತೀನಿ. ಬುಧವಾರ ಬರಲಾ, ಗುರುವಾರ ಬರಲಾ?’ ಉತ್ತರ ಒಂದೇ ಪದದಲ್ಲಿ ಮುಗಿಯುವಂತಿರಬೇಕು.

ಹೊತ್ತು ಬೆಳಗಿನದೇ ಇರಲಿ. ಈ ಕಾಯಿಲೆಯಲ್ಲಿ ಎದ್ದ ಕೂಡಲೇ ಕೀಲುಗಳು ಬಿಗಿದುಕೊಂಡಿರುತ್ತವೆ. ಸಡಿಲವಾಗಲು ಎಷ್ಟೋ ಸಲ ಒಂದು ಗಂಟೆಗೂ ಹೆಚ್ಚು ಬೇಕು. ಗುಂಡಿ ಹಾಕುವುದು, ನಲ್ಲಿ ತಿರುಗಿಸುವುದು, ಬಟ್ಟೆ ಹಿಂಡುವುದು ಆಗ ಆಗದ ಕೆಲಸಗಳು. ಸಂಜೆ ನೋಡಿದವರಿಗೆ ಆಕೆ ‘ಚೆನ್ನಾಗೇ ಇದ್ದಾಳಲ್ಲ’ ಅನ್ನಿಸುವುದೂ ಇದರಿಂದಲೇ. ಒತ್ತಿ ತಿರುಗಿಸುವ ಮುಚ್ಚಳದ ಮಾತ್ರೆ ಡಬ್ಬಿ ಊದಿದ ಬೆರಳಿಗೆ ಬಗ್ಗುವುದಿಲ್ಲ. ವಾರಕ್ಕೊಮ್ಮೆ ನೀವು ಅದನ್ನು ತೆರೆದು ಏಳು ಖಾನೆಯ ಪೆಟ್ಟಿಗೆಗೆ ತುಂಬಿಕೊಡಬಹುದು.

ಇಲ್ಲೊಂದು ಎಚ್ಚರ ಬೇಕು. ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಇದ್ದರೆ, ಸಂಧಿವಾತಕ್ಕೆ ಅದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ. ತಪ್ಪಿ ದಿನವೂ ನುಂಗಿದರೆ ರಕ್ತಕಣ ಹುಟ್ಟುವ ಅಸ್ಥಿಮಜ್ಜೆ ಕುಸಿದು ಜೀವಕ್ಕೇ ಕುತ್ತು. ವಾರದ ಯಾವ ದಿನ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಆ ಒಂದು ಖಾನೆಗೆ ಮಾತ್ರ ಹಾಕಿ.

ಇನ್ನು ಹಣ. ಆಕೆ ಒಪ್ಪಿದರೆ ಒಟ್ಟಿಗೆ ಕೂತು ಖರ್ಚನ್ನು ಎರಡು ಪಟ್ಟಿ ಮಾಡಿ. ಬಾಡಿಗೆ, ಮಾತ್ರೆ, ವಿದ್ಯುತ್ತಿನಂತೆ ತಿಂಗಳು ತಿಂಗಳೂ ಬರುವುದು ಒಂದು. ರಕ್ತಪರೀಕ್ಷೆ, ತಜ್ಞರ ಭೇಟಿ, ಓಡಾಟದಂತೆ ಬಿಟ್ಟು ಬಿಟ್ಟು ಬರುವುದು ಇನ್ನೊಂದು. ಲೆಕ್ಕ ತಪ್ಪುವುದು ಎರಡನೆಯದರಲ್ಲಿ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ರಕ್ತಕಣ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೊಮ್ಮೆ ಆಗಬೇಕು. ಕೈ ಬಿಗಿಯಾದಾಗ ಜನ ಮೊದಲು ಬಿಡುವುದು ಅದನ್ನೇ, ಏಕೆಂದರೆ ಬಿಟ್ಟ ದಿನ ನೋವೇನೂ ಹೆಚ್ಚುವುದಿಲ್ಲ. ‘ರಕ್ತಪರೀಕ್ಷೆಯ ಖರ್ಚು ಒಂದು ವರ್ಷ ನನ್ನದು, ಇದು ಸಾಲ ಅಲ್ಲ’ ಎಂದು ಒಂದನ್ನು ಹೆಸರಿಟ್ಟು ವಹಿಸಿಕೊಳ್ಳಿ. ಕಂತೆ ಹಣ ಕೈಗಿಡುವುದಕ್ಕಿಂತ ಇದು ಇಬ್ಬರಿಗೂ ಹಗುರ. ಮೊದಲ ದಿನದ ಉಮೇದಿನಲ್ಲಿ ಎಷ್ಟು ಕೊಡಬೇಕು ಅನ್ನಿಸುತ್ತದೋ ಅದರ ಅರ್ಧಕ್ಕೆ ಮಾತು ಕೊಡಿ. ಕಾಯಿಲೆ ವರ್ಷಗಟ್ಟಲೆ ಇರುವುದು, ನೆರವೂ ಅಷ್ಟು ದಿನ ಬಾಳಬೇಕು.

ಪ್ರಶ್ನೆ: ಗೆಳೆಯನೊಬ್ಬ ದುಡ್ಡು ಉಳಿಸಲು ಮಾತ್ರೆಗಳನ್ನು ಅರ್ಧ ಮಾಡಿ ನುಂಗುತ್ತಿದ್ದಾನೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಬೈದರೆ ಕೇಳುವುದಿಲ್ಲ.

ಉತ್ತರ: ಬೈಯಬೇಡಿ, ಇನ್ನು ಮುಂದೆ ನಿಮ್ಮಿಂದಲೂ ಮುಚ್ಚಿಡುತ್ತಾರೆ. ‘ಯಾವುದನ್ನು ಅರ್ಧ ಮಾಡ್ತಿದ್ದೀಯ?’ ಎಂದು ಕೇಳಿ. ಅಪಾಯ ಎಲ್ಲದರಲ್ಲೂ ಒಂದೇ ಅಲ್ಲ. ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತ ಆಮ್ಲೀಯವಾಗಿ ಪ್ರಜ್ಞೆ ತಪ್ಪಬಹುದು. ಬಿಪಿಗೋ ಹೃದಯಕ್ಕೋ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ತಟಕ್ಕನೆ ಬಿಟ್ಟರೆ ಎದೆಬಡಿತ ಏರಿ ಎದೆನೋವು ಬರಬಹುದು. ವಾರಗಟ್ಟಲೆ ತೆಗೆದುಕೊಂಡ ಸ್ಟಿರಾಯ್ಡ್, ಮೂರ್ಛೆರೋಗದ ಮಾತ್ರೆಗಳನ್ನೂ ಒಮ್ಮೆಗೇ ನಿಲ್ಲಿಸುವಂತಿಲ್ಲ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಸಿಆರ್ ಎಂದಿದ್ದರೆ ಅದು ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆ. ವೈದ್ಯರು ಹೇಳದೆ ಮುರಿದರೆ ದಿನಪೂರ್ತಿ ಹರಡಬೇಕಾದ ಔಷಧ ಒಮ್ಮೆಗೇ ರಕ್ತಕ್ಕೆ ಸೇರಬಹುದು.

ಮಾಡಬೇಕಾದ್ದು ಇಷ್ಟು. ಮನೆಯಲ್ಲಿರುವ ಎಲ್ಲ ಮಾತ್ರೆ ಸ್ಟ್ರಿಪ್, ಔಷಧದ ಬಾಟಲಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಜೊತೆಗೆ ವೈದ್ಯರಲ್ಲಿಗೆ ಹೋಗಿ. ಒಬ್ಬರೇ ಹೋದರೆ ‘ದುಡ್ಡಿಲ್ಲ’ ಎಂದು ಹೇಳದೆ ಬರುವವರೇ ಹೆಚ್ಚು. ಮೂರು ಪ್ರಶ್ನೆ ಕೇಳಿ: ಇದರಲ್ಲಿ ಬಿಡಲೇಬಾರದ್ದು ಯಾವುದು? ನಿಲ್ಲಿಸಬಹುದಾದ್ದು ಇದೆಯೇ? ಇದೇ ಗುಂಪಿನ ಅಗ್ಗದ ಔಷಧ ನಡೆಯುತ್ತದೆಯೇ? ಬೇರೆ ಬೇರೆ ವೈದ್ಯರು ಬರೆದ ಒಂದೇ ಬಗೆಯ ಎರಡು ಮಾತ್ರೆ, ಎಂದೋ ಮುಗಿಯಬೇಕಿದ್ದ ಗ್ಯಾಸಿನ ಮಾತ್ರೆ ಇಂಥವು ಆ ಚೀಲದಲ್ಲಿ ಸಿಗುವುದುಂಟು. ಜೆನೆರಿಕ್‌ನಲ್ಲಿ, ಅಂದರೆ ಬ್ರ್ಯಾಂಡ್ ಹೆಸರಿಲ್ಲದ ಅಗ್ಗದ ಮಾತ್ರೆಯಲ್ಲಿ, ಮೂಲ ಔಷಧ ಅದೇ ಇರುತ್ತದೆ. ಆದರೆ ಮೂರ್ಛೆ, ಥೈರಾಯ್ಡ್, ರಕ್ತ ತೆಳುಮಾಡುವ ವಾರ್ಫರಿನ್, ಅಂಗಕಸಿಯ ನಂತರದ ಔಷಧಗಳಲ್ಲಿ ಕಂಪನಿ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಿ. ಅಲ್ಲಿ ಸ್ವಲ್ಪ ಏರುಪೇರಾದರೂ ಕೆಟ್ಟದು.

ದುಡ್ಡು ಪೋಲಾಗುವ ಇನ್ನೊಂದು ಜಾಗ ಇನ್ಸುಲಿನ್. ತೆರೆಯದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು. ಫ್ರೀಜರ್‌ಗೆ ತಾಗಿ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು. ಅವರ ಮನೆಯ ಫ್ರಿಜ್ ಕೆಟ್ಟಿದ್ದರೆ ನಿಮ್ಮ ಫ್ರಿಜ್ಜಿನಲ್ಲಿ ಒಂದು ಮೂಲೆ ಬಿಟ್ಟುಕೊಡಿ. ನಿಮ್ಮ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಮಾತ್ರ ಕೊಡಬೇಡಿ.

ಪ್ರಶ್ನೆ: ಡಯಾಲಿಸಿಸ್ ಮಾಡಿಸಿಕೊಳ್ಳುವ ಸ್ನೇಹಿತನನ್ನು ನೋಡಲು ಹೋಗುವಾಗ ಏನು ಒಯ್ಯಲಿ?

ಉತ್ತರ: ಹಣ್ಣಿನ ಬುಟ್ಟಿ, ಹಣ್ಣಿನ ರಸ ಬೇಡ. ಮೂತ್ರಪಿಂಡ ಕೈಕೊಟ್ಟಾಗ ಹಣ್ಣಿನಲ್ಲಿರುವ ಪೊಟ್ಯಾಸಿಯಂ ಎಂಬ ಲವಣ ಹೊರಹೋಗದೆ ರಕ್ತದಲ್ಲಿ ಕೂಡಿ ಹೃದಯದ ಲಯವನ್ನೇ ಕೆಡಿಸುತ್ತದೆ. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪಿನಲ್ಲೂ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ, ಆರೋಗ್ಯಕ್ಕೆ ಒಳ್ಳೆಯದೆಂದು ತಂದುಕೊಡಬೇಡಿ. ನೀರಿಗೂ ಮಿತಿಯಿರುವುದರಿಂದ ಕುಡಿಯಲು ಒತ್ತಾಯ ಮಾಡಬಾರದು.

ಒಯ್ಯಬೇಕಾದ್ದು ವಾಹನ. ಬಹುತೇಕರಿಗೆ ವಾರಕ್ಕೆ ಮೂರು ಸರದಿ, ಪ್ರತಿ ಸಲ ಸುಮಾರು 4 ಗಂಟೆ. ಮುಗಿಸಿ ಎದ್ದಾಗ ಬಿಪಿ ಇಳಿದು ತಲೆಸುತ್ತು ಬರಬಹುದು, ಆ ಸ್ಥಿತಿಯಲ್ಲಿ ಬಸ್ಸಿನಲ್ಲಿ ನಿಂತು ಬರುವುದು ಶಿಕ್ಷೆ. ಹೋಗಿಬರುವ ಖರ್ಚಿಗಾಗಿಯೇ ಸರದಿ ತಪ್ಪಿಸುವವರಿದ್ದಾರೆ. ವಾರಕ್ಕೆ ಒಂದೇ ದಿನ ಕರೆದೊಯ್ಯಲು ಸಾಧ್ಯವಾದರೆ, ಎರಡು ದಿನ ಬಿಡುವಿನ ನಂತರ ಬರುವ ಸರದಿಯನ್ನೇ ಆರಿಸಿಕೊಳ್ಳಿ. ನೀರು, ಪೊಟ್ಯಾಸಿಯಂ ಹೆಚ್ಚು ಸೇರಿರುವುದು ಆಗಲೇ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ದಾರಿ) ಇರುವ ತೋಳಿಗೆ ಚೀಲ ತೂಗುಹಾಕಬೇಡಿ, ಆ ತೋಳಿನಲ್ಲಿ ಬಿಪಿ ನೋಡಲು ಬಿಡಬೇಡಿ.

ಪ್ರಶ್ನೆ: ನಾವು ಹತ್ತು ಗೆಳೆಯರು ಸೇರಿ ಒಬ್ಬನಿಗಾಗಿ ಹಣ ಕೂಡಿಸುತ್ತಿದ್ದೇವೆ. ಮೂರೇ ತಿಂಗಳಲ್ಲಿ ನಾಲ್ವರು ಕೊಡುವುದು ನಿಲ್ಲಿಸಿದರು, ಉಳಿದವರಲ್ಲಿ ಮನಸ್ತಾಪ.

ಉತ್ತರ: ನಿಲ್ಲಿಸಿದವರು ಕೆಟ್ಟವರಲ್ಲ, ಮೊತ್ತ ದೊಡ್ಡದಾಗಿತ್ತು. ಎಲ್ಲರಿಗೂ ಒಂದೇ ಮೊತ್ತ ಇಟ್ಟರೆ ಕಡಿಮೆ ಸಂಪಾದನೆಯವರು ನಾಚಿಕೆಯಿಂದ ಜಾರಿಕೊಳ್ಳುತ್ತಾರೆ. ಪ್ರತಿಯೊಬ್ಬರೂ ಆರು ತಿಂಗಳು ತಪ್ಪದೆ ಕೊಡಬಲ್ಲಷ್ಟನ್ನು ಲೆಕ್ಕ ಇಡುವವರಿಗೆ ಮಾತ್ರ ತಿಳಿಸಲಿ. ಬಂದ ಹಣವನ್ನು ಬೇರೆ ಖಾತೆಯಲ್ಲಿಟ್ಟು ಆಸ್ಪತ್ರೆಗೋ ಔಷಧದಂಗಡಿಗೋ ನೇರವಾಗಿ ಕಟ್ಟಿ, ರಸೀದಿಯನ್ನು ಎಲ್ಲರಿಗೂ ತೋರಿಸಿ. ಕಾಯಿಲೆಯ ವಿವರ ತೋರಿಸಬೇಕಿಲ್ಲ. ಹೊರಗಿನವರಿಂದ ಎತ್ತುವುದಾದರೆ ಯಾವ ಫೋಟೊ, ಯಾವ ಮಾತು ಎಂಬುದಕ್ಕೆಲ್ಲ ಕಾಯಿಲೆಯವರ ಒಪ್ಪಿಗೆ ಬೇಕು. ಗುಣವಾಗಿ ಕೆಲಸ ಹುಡುಕುವಾಗಲೂ ಆ ಫೋಟೊ ಅಂತರ್ಜಾಲದಲ್ಲೇ ಇರುತ್ತದೆ. ಅವರ ಸಾಲಕ್ಕೆ ಜಾಮೀನು ನಿಲ್ಲುವ ಮುನ್ನ, ಪೂರ್ತಿ ಸಾಲ ನಾನೇ ತೀರಿಸಬಲ್ಲೆನೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ನನ್ನ ಕೈಯಲ್ಲೇ ಹಣವಿಲ್ಲ. ನಾನೇನು ಮಾಡಬಹುದು?

ಉತ್ತರ: ಕಾಗದದ ಕೆಲಸ ನಿಮ್ಮದಾಗಲಿ. ಸುಸ್ತಾದ ದೇಹಕ್ಕೆ ಅದರಷ್ಟು ಭಾರವಾದದ್ದು ಇನ್ನೊಂದಿಲ್ಲ. ವಿಮೆಯ ಅರ್ಜಿಗಳು ಎಷ್ಟೋ ಸಲ ತಿರಸ್ಕೃತವಾಗುವುದು ಗಡುವು ಮೀರಿಯೋ ಒಂದು ಸಹಿ ಬಿಟ್ಟುಹೋಗಿಯೋ. ಗಡುವುಗಳನ್ನು ನಿಮ್ಮ ಫೋನಿನಲ್ಲಿ ಗುರುತಿಟ್ಟುಕೊಳ್ಳಿ. ಆಸ್ಪತ್ರೆಯ ಬಿಲ್ಲನ್ನು ಒಟ್ಟು ಮೊತ್ತವಾಗಿ ಅಲ್ಲ, ಬಾಬ್ತುವಾರು ಕೇಳಿ ಪಡೆದು ಒಂದೇ ಪರೀಕ್ಷೆ ಎರಡು ಸಲ ಬಿದ್ದಿದೆಯೇ ನೋಡಿ. ಕಂತು ಕಟ್ಟಲಾಗದ ಸೂಚನೆ ಕಂಡರೆ, ತಪ್ಪುವ ಮೊದಲೇ ಸಾಲ ಕೊಟ್ಟವರಿಗೆ ಪತ್ರ ಬರೆಸಿ. ತಪ್ಪಿದ ಮೇಲೆ ಮಾತಿಗೆ ಬಲ ಕಡಿಮೆ. ಫೈಲಿನಲ್ಲಿ ಇತ್ತೀಚಿನ ಔಷಧ ಚೀಟಿ ಮೇಲೆ, ಬಿಡುಗಡೆ ಪತ್ರ ಅದರ ಕೆಳಗೆ, ವರದಿಗಳು ತಾರೀಖಿನ ಸಾಲಿನಲ್ಲಿ. ಔಷಧಗಳ ಹೆಸರು, ಪ್ರಮಾಣ, ಒಗ್ಗದ ಔಷಧ, ವೈದ್ಯರ ನಂಬರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅವರ ಪರ್ಸಿನಲ್ಲಿ ಇಡಿ. ಔಷಧ ಬದಲಾದ ದಿನವೇ ಆ ಚೀಟಿಯನ್ನೂ ಬದಲಿಸಿ, ಹಳೆಯದನ್ನು ಹರಿದುಹಾಕಿ.